ಮಾಳಿಗೆ ಮನೆಗಳ ಅಂಚು, ದೋಣಿ ಮತ್ತು ಸೂರುನೀರು

ಹುಬ್ಬಳ್ಳಿಯಿಂದ ಮೂಡಲಿಗೆ ಅಣ್ಣಿಗೇರಿ, ನವಲಗುಂದ, ಕುಂದಗೋಳಗಳ ಕಡೆಗಿರುವ ಎರೆಭೂಮಿಯ ಹಳ್ಳಿಗಳಲ್ಲಿ ಹಳೆಯ ಮನೆಗಳು ಬಹುಮಟ್ಟಿಗೆ ಮಣ್ಣಿನ ಮಾಳಿಗೆಯವು. ಪಡುವಲಿಗೆ ಕಲಘಟಗಿ, ಅಳ್ನಾವರಗಳ ಕಡೆಗೆ ಹೋದಂತೆ ಮಳೆಯು ಹೆಚ್ಚಾಗಿ, ಇಳಿಜಾರಾದ ಹಂಚಿನ ಮನೆಗಳು ಕಾಣುವವು. ಹುಬ್ಬಳ್ಳಿ ಧಾರವಾಡಗಳು ಈ ಎರಡರ ನಡುವೆ ಇರುವದರಿಂದ ಇಲ್ಲಿ ಎರಡು ತೆರದ ಮನೆಗಳೂ ಉಂಟು. ವರ್ಷದಲ್ಲಿ ಬೀಳುವ ಮಳೆಯಾದರೋ ಸುಮಾರು 30 ಅಂಗುಲ. ಶಿರಸಿ, ಸಿದ್ದಾಪುರಗಳ ಕಡೆಗೆ ಸುಮಾರು 100 ಅಂಗುಲ ಮಳೆ ಬೀಳುವಲ್ಲಿ ಮಣ್ಣಿನ ಗೋಡೆಯ ಮನೆಗಳು ಮೂರು ನಾಲ್ಕು ತಲೆಮಾರು ಬಾಳಿದ್ದುಂಟು. ಅದರ ಮೂರನೆಯ ಒಂದು ಪಾಲು ಮಳೆಯಲ್ಲಿ ಬಯಲುಸೀಮೆಯ ಗೋಡೆಗಳೇಕೆ ಕುಸಿಯುವವೆಂಬದು ವಿಚಾರಮಾಡತಕ್ಕ ಸಂಗತಿಯಾಗಿದೆ.

2019ನೆಯ ವರ್ಷದ ಆಗಸ್ಟ ತಿಂಗಳ ಮೊದಲ ಭಾಗದಲ್ಲಿ, ಆಶ್ಲೇಷಾ ಮಳೆಯು ಬಿಡುವಿಲ್ಲದೆ ಹಿಡಿದು, ಬೆಣ್ಣಿಹಳ್ಳ ತುಪ್ಪರಿಹಳ್ಳಗಳು ಉಕ್ಕಿದ ಕಾಲಕ್ಕೆ, ಧಾರವಾಡ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದವು ಇಲ್ಲವೆ ಬಿರಿದವು. ಹಳ್ಳದ ದಂಡೆಯ ಮನೆಗಳಿಗೆ ನೆರೆಯೇ ಕಾರಣವಾಯಿತು; ಅದಕ್ಕೆ ದೋಣಿಯೂ ತಗಡೂ ಉಪಾಯವಲ್ಲ. ಆದರೆ ನೆರೆಯು ಮುಟ್ಟದ ದಿಬ್ಬದ ಮೇಲಿನ ಓಣಿಗಳಲ್ಲಿಯೂ ಗೋಡೆಗಳು ಬಿದ್ದವು. ಅವು ತಲೆಯ ಮೇಲೆ ಬಿದ್ದ ನೀರನ್ನು ದೂರ ಕಳಿಸಲಾರದೆ ಬಿದ್ದವು. ರಾಜ್ಯ ಸರಕಾರವು ಆ ವರ್ಷ ಪೂರ್ಣವಾಗಿ ಬಿದ್ದ ಮನೆಯನ್ನು ಪುನಃ ಕಟ್ಟುವದಕ್ಕೆ 5 ಲಕ್ಷ ರೂಪಾಯಿಗಳ ನೆರವನ್ನು ಗೊತ್ತುಮಾಡಿತು. ಆದರೆ ಗೋಡೆಯ ಕೆಳಗೆ ಸಿಕ್ಕ ಎತ್ತು, ಒದ್ದೆಯಾದ ಜೋಳದ ಚೀಲ, ಅದಕ್ಕೂ ಮಿಗಿಲಾದ ಮನುಷ್ಯಪ್ರಾಣ, ಇವು ನೆರವಿನಿಂದ ತಿರುಗಿ ಬರತಕ್ಕವುಗಳಲ್ಲ.

ಮಾಳಿಗೆಯ ಮೇಲೆ ಎಷ್ಟು ನೀರು ಬೀಳುವದೆಂಬದನ್ನು ಲೆಕ್ಕ ಹಾಕಿದವರು ಕಡಿಮೆ. 30 ಅಡಿ ಉದ್ದ, 20 ಅಡಿ ಅಗಲದ ಸಾಧಾರಣ ಮನೆಯ ಮಾಳಿಗೆಯು 600 ಚದರ ಅಡಿಯಾಗುವದು. ಅದರ ಮೇಲೆ 1 ಅಂಗುಲ ಮಳೆ ಬಿದ್ದರೆ 50 ಘನ ಅಡಿ, ಅಂದರೆ ಸುಮಾರು 1,400 ಲೀಟರು ನೀರು. 15 ಲೀಟರು ಹಿಡಿಯುವ ಕೊಡದಿಂದ ಅಳೆದರೆ ತೊಂಬತ್ತಕ್ಕೂ ಹೆಚ್ಚು ಕೊಡಗಳಾದವು. ವರ್ಷದ 30 ಅಂಗುಲಕ್ಕೆ ಇದೇ ಮಾಳಿಗೆಯಿಂದ 42,000 ಲೀಟರಿನಷ್ಟು ನೀರು ಇಳಿಯತಕ್ಕದ್ದು. ಇಷ್ಟು ನೀರನ್ನು ಯಾವನಾದರೂ ಕೊಡಕೊಡವಾಗಿ ತಂದು ತನ್ನ ಗೋಡೆಯ ಬುಡಕ್ಕೇ ಸುರಿದರೆ ನೆರೆಯವರು ಅವನ ಬುದ್ಧಿಯನ್ನು ಶಂಕಿಸುವರು. ದೋಣಿಯು ಮುರಿದ ಮನೆಯಲ್ಲಿ ಪ್ರತಿ ವರ್ಷ ನಡೆಯುವದು ಇದೇ ಆಗಿದೆ.

ಮಳೆಗಾಲದ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವದು ಈ ಪ್ರಾಂತದ ರೂಢಿ. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ, ಅದರ ಮೇಲೆ ಬೇವಿನ ಇಲ್ಲವೆ ಲಕ್ಕಿಯ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಹೊದಿಕೆ: ಇದು ಹಿರಿಯರು ಹಾಕಿಕೊಟ್ಟ ಕ್ರಮವು. ಸವಳು ಮಣ್ಣು ಬೆಳೆಗೆ ವೈರಿಯಾದರೂ ಮಾಳಿಗೆಗೆ ಮಿತ್ರನು. ಅದರಲ್ಲಿಯ ಸೋಡಿಯಮ್ ಲವಣದ ಗುಣದಿಂದ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುವವು. ಹೊಲದಲ್ಲಿ ನೀರಿಂಗದಂತೆ ಮಾಡುವ ದೋಷವೇ ಮಾಳಿಗೆಯ ಮೇಲೆ ಗುಣವಾಗುವದು. ಈ ಕ್ರಮವನ್ನು ಹಳೆಯದೆಂದು ಹಳಿಯುವದು ಸರಿಯಲ್ಲ.

ಆದರೆ ಹಳೆಯ ಮಣ್ಣನ್ನು ಕೆರೆದು ತೆಗೆಯದೆ ಪ್ರತಿ ವರ್ಷ ಹೊಸದನ್ನು ಏರಿಸುತ್ತ ಹೋಗುವದು ದೊಡ್ಡ ಪ್ರಮಾದ. 600 ಚದರ ಅಡಿಯ ಮಾಳಿಗೆಯ ಮೇಲೆ 1 ಅಂಗುಲ ಮಣ್ಣು ಹೆಚ್ಚಾದರೆ ಸುಮಾರು 22 ಕ್ವಿಂಟಲ್ ಭಾರ ಹೆಚ್ಚಾಯಿತು. ಕ್ವಿಂಟಲ್ ತೂಕದ ಇಪ್ಪತ್ತೆರಡು ಜೋಳದ ಚೀಲಗಳನ್ನು ಮಾಳಿಗೆಗೆ ಏರಿಸಿಟ್ಟಂತಾಯಿತು. ಐದು ವರ್ಷ ಹೀಗೆ ಮಾಡಿದವನ ಮನೆಯ ಜಂತಿಗಳು ನೂರಹತ್ತು ಚೀಲಗಳನ್ನು ಹೊತ್ತಂತೆಯೇ ಸರಿ. ಮೇಲಾಗಿ 6 ಅಂಗುಲ ದಪ್ಪದ ಮಣ್ಣು ತನ್ನ ಗಾತ್ರದ ಐದನೆಯ ಒಂದು ಪಾಲು ನೀರನ್ನು ಹೀರಿದರೆ ಮತ್ತೆ 17 ಕ್ವಿಂಟಲ್ ಕೂಡುವದು. ಗೋಡೆಯು ನೆನೆದು ಬಲಗುಂದಿದ ದಿವಸವೇ ಅದರ ತಲೆಯ ಮೇಲಣ ಭಾರವು ಅತ್ಯಧಿಕವಾಗಿರುವದು.

ಮಾಳಿಗೆಯ ನಡುವೆ ಸೋರಿದರೆ ಕೆಳಗೆ ಹನಿ ಬೀಳುವದು, ಮನೆಯವರಿಗೆ ತಿಳಿಯುವದು, ಅವರು ಮರುದಿನ ಮಣ್ಣು ಹಾಕುವರು. ಅಂಚಿನಲ್ಲಿ ಸೋರಿದ ನೀರು ಹಾಗಲ್ಲ. ಅದು ಗೋಡೆಯ ತಲೆಯೊಳಗೆ ಇಳಿದು ಹಸಿ ಇಟ್ಟಿಗೆಯನ್ನೋ ಮಣ್ಣುಗಲ್ಲಿನ ಸಂದನ್ನೋ ನೆನೆಸುತ್ತ ಸದ್ದಿಲ್ಲದೆ ಕೆಳಗೆ ಹೋಗುವದು. ಜಂತಿಗಳ ತುದಿಗಳು ಕೂತಿರುವದು ಅಲ್ಲಿಯೇ. ಮೊದಲು ಕೊಳೆಯುವದೂ ಗೆದ್ದಲು ಹತ್ತುವದೂ ಆ ತುದಿಗಳಿಗೆ. ಆದಕಾರಣ ಮಾಳಿಗೆಯ ನಡುವೆ ಹತ್ತು ಬಂಡಿ ಮಣ್ಣು ಹಾಕುವ ಶ್ರಮದಲ್ಲಿ ಅರ್ಧವನ್ನಾದರೂ ಅದರ ಸುತ್ತಣ ಎರಡು ಅಡಿ ಅಂಚಿಗೆ ಹಾಕಿದರೆ ಮನೆಯು ಹೆಚ್ಚು ಬಾಳುವದು. ಮಲೆನಾಡಿನ ಮಣ್ಣುಗೋಡೆಯು 100 ಅಂಗುಲ ಮಳೆಯಲ್ಲಿ ನಿಲ್ಲುವ ಗುಟ್ಟೂ ಇದೇ: ಅಲ್ಲಿಯ ಸೂರು ಗೋಡೆಯನ್ನು ದಾಟಿ ಮೂರು ನಾಲ್ಕು ಅಡಿ ಮುಂದೆ ಚಾಚಿರುವದು, ನೀರು ಗೋಡೆಯನ್ನು ಮುಟ್ಟುವದೇ ಇಲ್ಲ.

ಅಂಚನ್ನು ಕಟ್ಟುವ ಬಗೆ

ಮಾಳಿಗೆಯ ಅಂಚಿಗೆ ಕಲ್ಲಿನ ಸೂರು ಹಾಕುವದು ಎಲ್ಲಕ್ಕೂ ಉತ್ತಮ. ಶಹಾಬಾದದ ಫರ್ಶಿಯು ಇದಕ್ಕೆ ಸಾಕು. ಫರ್ಶಿಯು ಗೋಡೆಯಿಂದ 9 ಅಂಗುಲ ಹೊರಗೆ ಚಾಚಬೇಕಾದರೆ ಗೋಡೆಯ ಮೇಲೆ ಅದರ ಎರಡರಷ್ಟು, ಅಂದರೆ 18 ಅಂಗುಲ, ಒಳಗೆ ಹೋಗಿ ಮಣ್ಣಿನ ಭಾರಕ್ಕೆ ಸಿಕ್ಕಿರಬೇಕು. ಇಲ್ಲವಾದರೆ ಮಂಗಗಳು ಜಿಗಿದಾಗ ಅದು ಮಗುಚಿ ಬೀಳುವದು. ಹೊರಮುಖವಾಗಿ ತುಸು ಇಳಿಜಾರು ಕೊಡಬೇಕು. ಫರ್ಶಿಯ ಕೆಳಮೈಯಲ್ಲಿ, ತುದಿಯಿಂದ 1 ಅಂಗುಲ ಒಳಗೆ, ಅರ್ಧ ಅಂಗುಲ ಆಳದ ಒಂದು ಗೆರೆಯನ್ನು ಉದ್ದಕ್ಕೂ ಕೊರೆಯಿಸುವದನ್ನು ಮರೆಯಬಾರದು. ನೀರಿಗೆ ಕಲ್ಲಿನ ಕೆಳಮೈಗೆ ಅಂಟಿಕೊಂಡು ಹಿಂದಕ್ಕೆ ಹರಿಯುವ ಗುಣವುಂಟು. ಆ ಗೆರೆಯಲ್ಲಿ ಅದು ಕಡಿದು ಹನಿಯಾಗಿ ಕೆಳಗೆ ಬೀಳುವದು. ಗೆರೆಯಿಲ್ಲದ ಫರ್ಶಿಯು ನೀರನ್ನು ನೆಟ್ಟಗೆ ಗೋಡೆಗೆ ತಂದು ಮುಟ್ಟಿಸುವದು. ಗವಂಡಿಗಳಲ್ಲಿ ಅನೇಕರು ಇದನ್ನು ಬಲ್ಲರು. ಕೇಳದ ಹೊರತು ಮಾಡುವವರು ವಿರಳ.

ಇದೇನೂ ಹೊಸ ಕಂಡುಹಿಡಿತವಲ್ಲ. ಅಣ್ಣಿಗೇರಿಯ ಅಮೃತೇಶ್ವರನ ಗುಡಿಯೇ ಮೊದಲಾಗಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಮಂಟಪಗಳಿಗೆ ಕಲ್ಲಿನ ಇಳಿಜಾರು ಸೂರನ್ನು ಮುಂದೆ ಚಾಚಿರುವದನ್ನು ಈ ಭಾಗದವರು ನೋಡಿಯೇ ಇದ್ದಾರೆ. ಐಹೊಳೆಯ ಲಾಡಖಾನ ಗುಡಿಯ ಮೇಲಂತೂ ಚಪ್ಪಡಿಗಳ ಸಂದುಗಳಲ್ಲಿ ನೀರಿಳಿಯದಂತೆ ಉದ್ದವಾದ ಕಲ್ಲುಪಟ್ಟಿಗಳನ್ನು ಸಂದಿನ ಮೇಲೆಯೇ ಹೊದಿಸಿದ್ದಾರೆ. ಫರ್ಶಿಗಳ ಸಂದುಗಳನ್ನು ಬರಿಯ ಸಿಮೆಂಟಿನಿಂದ ತುಂಬಿ ಕೈತೊಳೆದುಕೊಳ್ಳುವ ಇಂದಿನವರು ಅದನ್ನೊಮ್ಮೆ ನೋಡಿಬರುವದು ಒಳಿತು. ಬಿಸಿಲಿಗೆ ಕಲ್ಲು ಹಿಗ್ಗಿ ಕುಗ್ಗುವದರಿಂದ ತುಂಬಿದ ಸಂದು ಎರಡು ಬೇಸಿಗೆಗಳಲ್ಲಿ ಬಿರಿಯುವದು. ಸಂದಿನ ಅಡಿಯಲ್ಲಿ ಒಂದು ತಗಡಿನ ತುಂಡನ್ನಾದರೂ ಇಟ್ಟಿರಬೇಕು.

ಕಲ್ಲಿನ ಭಾರವನ್ನು ತಾಳಲಾರದ ಹಳೆಯ ಗೋಡೆಗಳಿಗೆ ತಗಡಿನ ಅಂಚನ್ನು ಹಾಕಬಹುದು. ಸತುವು ಲೇಪಿಸಿದ 24 ಗೇಜಿನ ತಗಡನ್ನು ತಂದು ಹುಬ್ಬಳ್ಳಿಯ ಪೇಟೆಯಲ್ಲಿಯೇ ಬಾಗಿಸಿಕೊಳ್ಳಬಹುದು. ಅದರ 8 ಅಂಗುಲ ಮಾಳಿಗೆಯ ಮಣ್ಣಿನ ಅಡಿಯಲ್ಲಿ ಮಲಗಬೇಕು. ಆ ಬಳಿಕ ಅಂಚನ್ನು ದಾಟಿ 4 ಅಂಗುಲ ಕೆಳಗೆ ಇಳಿಯಬೇಕು. ಕೆಳತುದಿಯನ್ನು ಮುಕ್ಕಾಲು ಅಂಗುಲದಷ್ಟು ಹೊರಕ್ಕೆ ಮಡಚಿರಬೇಕು. ಎರಡು ತಗಡುಗಳು ಕೂಡುವಲ್ಲಿ ಒಂದರ ಮೇಲೊಂದು 4 ಅಂಗುಲ ಬರುವಂತೆ ಇಟ್ಟು, ಮೇಲಿನ ತಗಡಿನ ಬಾಯಿ ಪಡುವಣ ಗಾಳಿಗೆ ತೆರೆಯದಂತೆ ನೋಡಬೇಕು. ಮೊಳೆಗಳನ್ನು ಮಣ್ಣಿನಡಿಯ ಭಾಗದಲ್ಲಿ ಮಾತ್ರ ಹೊಡೆಯತಕ್ಕದ್ದು. ಇಳಿಬಿದ್ದ ಮುಖದ ಮೇಲೆ ಹೊಡೆದ ಪ್ರತಿಯೊಂದು ಮೊಳೆಯೂ ಒಂದು ತೂತು. ಹಸಿಯಾದ ಸುಣ್ಣ ಅಥವಾ ಸಿಮೆಂಟು ತಗಡಿಗೆ ನೇರವಾಗಿ ತಾಗಿದರೆ ಸತುವನ್ನು ತಿನ್ನುವದು. ಆದುದರಿಂದ ನಡುವೆ ಡಾಂಬರು ಬಳಿಯಬೇಕು. ಸವಳು ಮಣ್ಣಿಗೂ ಇದೇ ಮಾತು.

ಮಾಳಿಗೆಗೆ ಕುಂಬಿಯುಳ್ಳವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಕುಂಬಿಯು ಮನೆಗೆ ಅಂದ. ದೋಣಿ ಕಟ್ಟಿಕೊಂಡ ದಿನ ಅದೇ ಕೆರೆಯ ಏರಿಯಾಗುವದು. ಕುಂಬಿಯ ತಲೆಗೆ ಫರ್ಶಿ ಹೊದಿಸಿ ಅದರ ಇಳಿಜಾರನ್ನು ಮಾಳಿಗೆಯ ಕಡೆಗೆ ಕೊಡಬೇಕು. ಕುಂಬಿಯೂ ಮಾಳಿಗೆಯೂ ಕೂಡುವ ಮೂಲೆಯಲ್ಲಿ ಗಚ್ಚಿನಿಂದ ಓರೆಯಾದ ಪಟ್ಟಿಯನ್ನು ಸುತ್ತಲೂ ಎಳೆಯಬೇಕು. ಚೌಕಾದ ಮೂಲೆಯಲ್ಲಿ ಬಿರುಕು ಬಿಡದೆ ಇರದು.

ಬೆಳಕಿಂಡಿಯನ್ನು ಎಲ್ಲರೂ ಮರೆಯುವರು. ಮಾಳಿಗೆಗೆ ಹೊರ ಅಂಚಿದ್ದಂತೆ ಇದು ಒಳ ಅಂಚು. ಅದರ ಸುತ್ತಿನ ಕಟ್ಟೆಯು ಮಣ್ಣಿನ ಮಟ್ಟಕ್ಕಿಂತ 6 ಅಂಗುಲವಾದರೂ ಎತ್ತರವಿರತಕ್ಕದ್ದು. ವರ್ಷವರ್ಷ ಮಣ್ಣು ಏರಿಸಿದ ಮನೆಗಳಲ್ಲಿ ಈ ಕಟ್ಟೆಯು ಹೂತುಹೋಗಿ ನೀರು ಒಳಗೆ ಇಳಿಯುವದನ್ನು ಕಾಣಬಹುದು.

ಇತ್ತೀಚೆಗೆ ಮಾಳಿಗೆಗೆ ತಾಡಪತ್ರಿ ಹೊದಿಸುವದು ಬಳಕೆಗೆ ಬಂದಿದೆ. ಕಣದ ರಾಶಿಗೆಂದು ಕೊಂಡ ತಾಡಪತ್ರಿಯು ಆಪತ್ತಿನಲ್ಲಿ ಮನೆಯನ್ನು ಉಳಿಸಿದರೆ ಬೇಡವೆನ್ನುವವರಾರು? ಆದರೆ ಅದನ್ನು ಕುಂಬಿಯ ಒಳಗೇ ನಿಲ್ಲಿಸಿ ಕಲ್ಲು ಹೇರಿದರೆ ಮಾಳಿಗೆಯ ನೀರೆಲ್ಲವೂ ಕೂಡಿಬಂದು ಅದರ ಅಂಚಿನಿಂದ ಗೋಡೆಯ ತಲೆಗೆ ಇಳಿಯುವದು. ಹೊದಿಸದೆ ಇದ್ದದ್ದಕ್ಕಿಂತ ಇದು ಕೇಡು. ತಾಡಪತ್ರಿಯು ಅಂಚನ್ನು ದಾಟಿ ಒಂದು ಅಡಿಯಾದರೂ ಹೊರಗೆ ಇಳಿಬಿದ್ದಿರಬೇಕು, ಇಲ್ಲವೆ ಅದರ ತುದಿಯು ದೋಣಿಯೊಳಗೆ ಮುಗಿಯಬೇಕು.

ದೋಣಿ

ಮಾಳಿಗೆಯ ನೀರನ್ನು ಹೊರಕ್ಕೆ ಚೆಲ್ಲುವ ಕಟ್ಟಿಗೆಯ ಇಲ್ಲವೆ ತಗಡಿನ ದೋಣಿಯು ಮನೆಯಲ್ಲಿ ಎಲ್ಲಕ್ಕೂ ಅಗ್ಗದ ವಸ್ತು. ಅದರ ದುರಸ್ತಿಯೇ ಎಲ್ಲಕ್ಕೂ ಕಡೆಗೆ ಬೀಳುವದು. ಬಹು ಕಡೆಗಳಲ್ಲಿ ದೋಣಿಯು ಗೋಡೆಯಿಂದ ಅರ್ಧ ಅಡಿ ಮಾತ್ರ ಹೊರಗಿರುವದು. ಮಳೆಯು ಬಿರುಸಾಗಿದ್ದಾಗ ನೀರು ದೂರ ಹಾರುವದರಿಂದ ಚಿಂತೆಯಿಲ್ಲ. ಜಿಟಿಜಿಟಿ ಮಳೆಯಲ್ಲಿ, ಮಳೆ ನಿಂತ ಬಳಿಕವೂ, ಸಣ್ಣ ಧಾರೆಯು ದೋಣಿಯ ಕೆಳಮೈಯನ್ನು ಹಿಡಿದು ಗೋಡೆಗುಂಟ ಇಳಿಯುವದು. ಪಾಚಿಗಟ್ಟಿದ ಹಸಿರು ಪಟ್ಟೆಯು ಗೋಡೆಯ ಮೇಲೆ ಎಲ್ಲಿ ಕಾಣುವದೋ ಅಲ್ಲಿ ಈ ದೋಷವಿದೆಯೆಂದು ತಿಳಿಯಬೇಕು. ದೋಣಿಯು ಗೋಡೆಯಿಂದ ಒಂದೂವರೆ ಎರಡು ಅಡಿ ಚಾಚಿ, ತುದಿಯಲ್ಲಿ ಗಿಳಿಯ ಕೊಕ್ಕಿನಂತೆ ಕೆಳಕ್ಕೆ ಬಾಗಿರತಕ್ಕದ್ದು.

ಅದಕ್ಕಿಂತಲೂ ಮುಖ್ಯವಾದದ್ದು ದೋಣಿಯ ಒಳಬಾಯಿ. ಮಣ್ಣೂ ಕಟ್ಟಿಗೆಯೂ ಕೂಡುವಲ್ಲಿ ಸಂದು ಬಿಟ್ಟೇ ಬಿಡುವದು. ಆದುದರಿಂದ ದೋಣಿಯ ಒಳತುದಿಗೆ ಒಂದು ಅಗಲವಾದ ತಗಡಿನ ತಟ್ಟೆಯನ್ನು ಬೆಸೆಯಿಸಿ, ಅದು ಎಲ್ಲ ದಿಕ್ಕಿಗೂ ಒಂದು ಅಡಿ ಮಣ್ಣಿನ ಅಡಿಯಲ್ಲಿ ಹರಡುವಂತೆ ಕೂಡ್ರಿಸಬೇಕು. ಬಾಯಿಯ ಮುಂದೆ ಗೋಲಿಯಷ್ಟು ದಪ್ಪದ ಹರಳುಗಳನ್ನು ಹರವಿದರೆ ಮಣ್ಣು ಕೊಚ್ಚಿಹೋಗದು, ಎಲೆಯೂ ತಡೆಯುವದು. 600 ಚದರ ಅಡಿಗೆ ಒಂದು ದೋಣಿ ಸಾಕೆಂದು ಲೆಕ್ಕ ಹೇಳಿದರೂ ಎರಡನ್ನು ಇಡುವದೇ ಲೇಸು; ಗುಬ್ಬಿಯ ಗೂಡೋ ಬೇವಿನ ಎಲೆಯೋ ಒಂದನ್ನು ಕಟ್ಟಿದ ರಾತ್ರಿ ಇನ್ನೊಂದು ಮನೆಯನ್ನು ಕಾಯುವದು. ಮಾಳಿಗೆಯ ಇಳಿಜಾರು 10 ಅಡಿಗೆ 3 ಅಂಗುಲದಷ್ಟಿದ್ದರೆ ಸರಿ. ಹೆಚ್ಚಾದರೆ ಮಣ್ಣು ತೊಳೆದುಹೋಗುವದು.

ಹಂಚಿನ ಮತ್ತು ತಗಡಿನ ಮನೆಗಳ ದಂಬೆ

ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರಖಾನೆಯನ್ನು ತೆಗೆದ ಮೇಲೆ ಆ ತೆರದ ಹಂಚು ಕ್ರಮೇಣ ಘಟ್ಟದ ಮೇಲೂ ಹರಡಿತು. ಹಂಚಿನ ಮನೆಗೆ ಮಾಳಿಗೆಯ ಭಾರದ ಭಯವಿಲ್ಲ. ಆದರೆ ನೀರೆಲ್ಲವೂ ಸೂರಿನ ಒಂದೇ ಗೆರೆಗುಂಟ ಬೀಳುವದು. ಅದು ನೆಲದಿಂದ ಸಿಡಿದು ಗೋಡೆಯ ಬುಡವನ್ನು ಒಂದು ಒಂದೂವರೆ ಅಡಿಯ ವರೆಗೆ ಕೊರೆಯುವದು. ಇದಕ್ಕೆ ಸೂರಿನ ಕೆಳಗೆ ಕಾಲುವೆಯನ್ನು ಕಟ್ಟುವದೇ ಉಪಾಯ. ಉತ್ತರ ಕನ್ನಡದವರು ಅಡಿಕೆಯ ಮರವನ್ನು ಸೀಳಿ ತಿರುಳು ತೆಗೆದು ಮಾಡುವ ದಂಬೆ ಇದೇ ಆಗಿದೆ. ಕಲಘಟಗಿಯ ಕಡೆಗೆ ಬಿದಿರು ಸಿಕ್ಕುವದರಿಂದ ದಪ್ಪ ಬಿದಿರನ್ನು ಸೀಳಿ ಗಿಣ್ಣುಗಳನ್ನು ತೆಗೆದು ಅದರಂತೆಯೇ ಮಾಡಬಹುದು; ಎರಡು ಮೂರು ಮಳೆಗಾಲಕ್ಕೆ ಚಿಂತೆಯಿಲ್ಲ. ತಗಡಿನದಾದರೆ 6 ಅಂಗುಲ ಅಗಲವಿದ್ದರೆ ಸಾಧಾರಣ ಮನೆಗೆ ಆಗುವದು. 6 ಅಂಗುಲ ವ್ಯಾಸದ ಪಿ.ವಿ.ಸಿ. ಕೊಳವೆಯನ್ನು ಉದ್ದಕ್ಕೆ ಸೀಳಿ ಕಟ್ಟುವವರೂ ಉಂಟು. ಈ ವಸ್ತುವು ಬಿಸಿಲಿಗೆ ಬಹಳ ಹಿಗ್ಗುವದು: 20 ಅಡಿಯ ತುಂಡು ಬೆಳಗಿನ ತಂಪಿಗೂ ನಡುಹಗಲಿನ ಬಿಸಿಲಿಗೂ ಅರ್ಧ ಅಂಗುಲದಷ್ಟು ಉದ್ದವಾಗಬಹುದು. ಎರಡೂ ತುದಿಗಳನ್ನು ಬಿಗಿದರೆ ಅದು ಡೊಂಕಾಗುವದು. ಆದಕಾರಣ ಕೊಕ್ಕೆಗಳಲ್ಲಿ ಸಡಿಲಾಗಿ ಕೂಡ್ರಿಸಬೇಕು.

ದಂಬೆಗೆ ಇಳಿಜಾರು 10 ಅಡಿಗೆ 1 ಅಂಗುಲ. ಕಬ್ಬಿಣದ ಕೊಕ್ಕೆಗಳು ಎರಡೂವರೆ ಅಡಿಗೆ ಒಂದು. ಕೊನೆಯ ಸಾಲಿನ ಹಂಚು ದಂಬೆಯ ಅಗಲದ ಮೂರನೆಯ ಒಂದು ಪಾಲಿನಷ್ಟು ಒಳಗೆ ಚಾಚಿರಬೇಕು. ಕಡಿಮೆಯಾದರೆ ಸಣ್ಣ ಮಳೆಯ ನೀರು ಹಿಂದೆ ಬೀಳುವದು, ಹೆಚ್ಚಾದರೆ ದೊಡ್ಡ ಮಳೆಯ ನೀರು ದಾಟಿ ಹೋಗುವದು. ಇನ್ನೊಂದು ಸಣ್ಣ ಮಾತಿನ ಮೇಲೆ ಎಲ್ಲವೂ ನಿಂತಿದೆ: ದಂಬೆಯ ಹೊರ ಅಂಚು ಒಳ ಅಂಚಿಗಿಂತ ಅರ್ಧ ಅಂಗುಲ ತಗ್ಗಾಗಿರಲೇಬೇಕು. ಎಂದಾದರೂ ಅದು ತುಂಬಿ ಹರಿಯದೆ ಇರದು; ಆ ದಿವಸ ನೀರು ಅಂಗಳಕ್ಕೆ ಬೀಳಬೇಕೇ ಹೊರತು ಗೋಡೆಗಲ್ಲ.

ಕೊಕ್ಕೆಗಳನ್ನು ಹೊಡೆಯುವದು ಸೂರಿನ ಹಲಗೆಗೆ. ಪಕ್ಕಾಸಿಗಳ ತುದಿಗಳನ್ನು ಮುಚ್ಚುವ ಈ ಹಲಗೆಯಿಲ್ಲದ ಮನೆಗಳಲ್ಲಿ ಕಟ್ಟಿಗೆಯ ತುದಿಯು ಬತ್ತಿಯಂತೆ ನೀರನ್ನು ಹೀರುವದು. ಸಾಗವಾನಿಯ ಅಥವಾ ಮತ್ತಿಯ ಹಲಗೆಯನ್ನು ಜಡಿದು, ಹಿಂದೆಯೂ ಮುಂದೆಯೂ ಗೇರೆಣ್ಣೆ ಬಳಿದು, ಪಡುವಣ ದಿಕ್ಕಿಗೆ ಮೇಲೊಂದು ತಗಡು ಹೊದಿಸಿದರೆ ಬಹುಕಾಲ ತಾಳುವದು. ಮುಂಗಾರಿನ ಗಾಳಿಯು ಪಡುವಲಿನಿಂದಲೂ ನೈಋತ್ಯದಿಂದಲೂ ಬೀಸುವದರಿಂದ ಎಲ್ಲ ಗೋಡೆಗಳಿಗೂ ಒಂದೇ ತೆರನಾದ ಖರ್ಚು ಮಾಡಬೇಕಾದದ್ದಿಲ್ಲ. ಹಣ ಕಡಿಮೆಯಿದ್ದವರು ಪಡುವಣ ಅಂಚನ್ನೂ ಅಡಿಗೆಮನೆಯ ಮೂಲೆಯನ್ನೂ ಮೊದಲು ಮಾಡಿಸಲಿ. ಹಲಗೆಯ ಹಿಂದೆ ಗಾಳಿಯಾಡಲು ಎಡೆಯಿರಬೇಕು. ಎಲ್ಲವನ್ನೂ ಬಿಗಿಯಾಗಿ ಮುಚ್ಚಿದರೆ ಒಳಗಿನ ತೇವವೇ ಕೊಳೆಸುವದು.

ದಂಬೆಯಿಂದ ನೆಲಕ್ಕೆ ಇಳಿಯುವ ಕೊಳವೆಯು 4 ಅಂಗುಲದ್ದಿರಲಿ. ಗಂಟೆಗೆ 3 ಅಂಗುಲದ ರಭಸದ ಮಳೆಯಲ್ಲಿ ಸುಮಾರು 600 ಚದರ ಅಡಿಗೆ ಇಂಥ ಒಂದು ಕೊಳವೆಯೆಂಬದು ಕಟ್ಟಡದ ಕೆಲಸದವರ ಲೆಕ್ಕ. ಕೊಳವೆಗೂ ಗೋಡೆಗೂ ನಡುವೆ 1 ಅಂಗುಲ ಎಡೆ ಬಿಟ್ಟರೆ ಒಡೆದಾಗ ಗೋಡೆಗೆ ಹಾನಿಯಾಗದು.

ಗೋಡೆಯ ಬುಡ ಮತ್ತು ಎರೆಮಣ್ಣು

ಅಂಚನ್ನು ಸರಿಮಾಡಿ ಬುಡವನ್ನು ಬಿಟ್ಟರೆ ಅರ್ಧ ಕೆಲಸವಾಯಿತು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯು ನೀರು ಕುಡಿದು ಉಬ್ಬುವದು, ಒಣಗಿ ಕುಗ್ಗುವದು. ಬೇಸಿಗೆಯಲ್ಲಿ ಹೊಲದೊಳಗೆ ಕೈ ಹೋಗುವಷ್ಟು ಬಿರುಕುಗಳನ್ನು ನೋಡಿದ ಒಕ್ಕಲಿಗನಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಮನೆಯ ಒಂದು ಮೂಲೆಗೆ ಮಾತ್ರ ದೋಣಿಯ ನೀರು ಬೀಳುತ್ತಿದ್ದರೆ ಆ ಮೂಲೆಯ ಪಾಯದ ಕೆಳಗಿನ ಮಣ್ಣು ಉಬ್ಬುವದು, ಉಳಿದ ಮೂರು ಮೂಲೆಗಳದು ಉಬ್ಬದು. ಗೋಡೆಯು ಓರೆಯಾಗಿ ಬಿರಿಯುವದು ಇದರಿಂದಲೇ. ಮಳೆಗಾಲದಲ್ಲಿ ಬಾಗಿಲು ಹಾಕಲು ಬಾರದಂತೆ ಬಿಗಿಯಾದರೆ ಕಟ್ಟಿಗೆ ಉಬ್ಬಿತೆಂದು ಬಡಿಗನನ್ನು ಕರೆಯುವರು. ಅನೇಕ ಸಲ ಚೌಕಟ್ಟನ್ನೇ ಗೋಡೆಯು ತಿರುಚಿರುವದು.

ಆದುದರಿಂದ ಗೋಡೆಯ ಸುತ್ತಲೂ 3 ಅಡಿ ಅಗಲದ ಕಟ್ಟೆಯನ್ನು ಹಾಕಿ, ಅಡಿಗೆ ಅರ್ಧ ಅಂಗುಲ ಇಳಿಜಾರು ಕೊಟ್ಟು, ಫರ್ಶಿ ಹಾಸಿ, ಕಟ್ಟೆಯೂ ಗೋಡೆಯೂ ಕೂಡುವ ಸಂದನ್ನು ಡಾಂಬರಿನಿಂದ ಮುಚ್ಚತಕ್ಕದ್ದು. ಒಂದು ಅಡಿ ಎರೆಮಣ್ಣನ್ನು ತೆಗೆದು ಗರಸು ತುಂಬಿ ಬಡಿದು ಅದರ ಮೇಲೆ ಫರ್ಶಿ ಹಾಸುವದು ಸರಿ. ಗರಸನ್ನು ತುಂಬಿ ಮೇಲೆ ಏನೂ ಹಾಸದೆ ಬಿಟ್ಟರೆ ಮಾತ್ರ ಅದು ಗೋಡೆಯ ಬುಡದಲ್ಲಿ ನೀರಿನ ಹೊಂಡವೇ ಆಗುವದು. ದೋಣಿಯ ನೀರು ಬೀಳುವ ಜಾಗದಲ್ಲಿ ಒಂದು ಗಟ್ಟಿ ಕಲ್ಲನ್ನು ಇಡಬೇಕು.

ಮಣ್ಣುಗೋಡೆಯ ಮೇಲೆ ಸಿಮೆಂಟಿನ ಗಿಲಾವು ಮಾಡಿಸುವದು ಈಗಿನ ರೂಢಿಯಾಗಿದೆ. ನೋಡಲು ಚೆನ್ನ. ಆದರೆ ಮೇಲಿನಿಂದ ಇಳಿದ ನೀರು ಆ ಗಿಲಾವಿನ ಹಿಂದೆ ಸಿಕ್ಕಿಕೊಂಡು ಹೊರಗೆ ಬರಲಾರದು; ಹೊರಗೆ ಗಟ್ಟಿಯಾಗಿ ಕಾಣುವ ಗೋಡೆಯು ಒಳಗೆ ರೊಜ್ಜಾಗಿರುವದು. ಸುಣ್ಣದ ಗಿಲಾವು ತೇವವನ್ನು ಆರಗೊಡುವದರಿಂದ ಮಣ್ಣುಗೋಡೆಗೆ ಅದೇ ಯೋಗ್ಯವು.

ನೆರೆಯವನ ಗೋಡೆ

ಸೂರುನೀರಿನ ಜಗಳವು ಹಳ್ಳಿಯ ಜಗಳಗಳಲ್ಲಿ ಹಳೆಯದು. ಒಬ್ಬನ ದೋಣಿಯು ಇನ್ನೊಬ್ಬನ ಗೋಡೆಯನ್ನು ಬೀಳಿಸುವದು. 1882ರ ಈಜ್‌ಮೆಂಟ್ ಕಾಯಿದೆಯ 15ನೆಯ ಕಲಮಿನಂತೆ, ಇಂಥ ಅನುಭೋಗವನ್ನು ಬಹಿರಂಗವಾಗಿ, ಶಾಂತವಾಗಿ, ಹಕ್ಕೆಂದು ತಿಳಿದು, ಅಡ್ಡಿಯಿಲ್ಲದೆ 20 ವರ್ಷ ನಡೆಸಿದವನಿಗೆ ಅದರ ಹಕ್ಕು ಹುಟ್ಟುವದು. ಆದರೆ ಹಕ್ಕುಳ್ಳವನು ನೆರೆಯವನ ಮೇಲಿನ ಹೊರೆಯನ್ನು ತನ್ನ ಮನಬಂದಂತೆ ಹೆಚ್ಚಿಸುವಂತಿಲ್ಲ. ಸೂರಿನ ಉದ್ದಕ್ಕೂ ಹನಿಹನಿಯಾಗಿ ಬೀಳುತ್ತಿದ್ದ ನೀರನ್ನು ದಂಬೆಯಿಂದ ಕೂಡಿಸಿ ಒಂದೇ ಧಾರೆಯಾಗಿ ನೆರೆಯವನ ಬುಡಕ್ಕೆ ಬಿಡುವವನು ತನ್ನ ಮನೆಯನ್ನು ಉಳಿಸಿಕೊಂಡು ಅವನ ಮನೆಯನ್ನು ಕೆಡಿಸಿದಂತೆಯೇ. ದಂಬೆ ಕಟ್ಟುವ ಮೊದಲು ನೀರು ಎಲ್ಲಿ ಮುಟ್ಟುವದೆಂಬದನ್ನು ಗೊತ್ತುಮಾಡಬೇಕು. ಗೌಡರೂ ಊರಿನ ಹಿರಿಯರೂ ಇದನ್ನು ಕೋರ್ಟಿನ ಮೆಟ್ಟಿಲಿಗೆ ಹೋಗಗೊಡದೆ, ಬೇಸಿಗೆಯಲ್ಲಿಯೇ ಇಬ್ಬರನ್ನೂ ಕೂಡ್ರಿಸಿ, ಓಣಿಯ ಗಟಾರದ ವರೆಗೆ ಕೂಡಿ ಒಂದು ಕಾಲುವೆಯನ್ನು ಮಾಡಿಸುವದು ಉಚಿತ. ಗಟಾರವೇ ಹೂಳಿನಿಂದ ತುಂಬಿದ್ದರೆ ಆ ಕೆಲಸವು ಗ್ರಾಮ ಪಂಚಾಯತಿಯದು. ಮೇ ತಿಂಗಳೊಳಗೆ ಅದನ್ನು ಮಾಡಿಸಿಕೊಳ್ಳಬೇಕು.

ಈ ನೀರನ್ನು ತಿಪ್ಪೆಗೆ ಮಾತ್ರ ಬಿಡಬಾರದು. ಗೊಬ್ಬರದ ಸಾರಜನಕವೆಲ್ಲ ತೊಳೆದುಹೋಗುವದು. ಹಗೇವುಗಳು ಇಂದು ಬಹುಮಟ್ಟಿಗೆ ಬಳಕೆ ತಪ್ಪಿದ್ದರೂ ಅಂಗಳದಲ್ಲಿ ಮುಚ್ಚಿದ ಹಳೆಯ ಹಗೇವು ಇದ್ದರೆ ಅದರ ಬಾಯಿಯ ಹತ್ತಿರವೂ ಬಿಡಬಾರದು. ನೆಲ ಕುಸಿದು ದನವೋ ಮಗುವೋ ಒಳಗೆ ಬೀಳುವ ಭಯವುಂಟು. ಹಂಚಿನ ಮೇಲಿನ ನೀರನ್ನು ಮೊದಲ ಎರಡು ಮಳೆಗಳನ್ನು ಬಿಟ್ಟು ತೊಟ್ಟಿಗೆ ಹಿಡಿದರೆ ದನಗಳ ಮೈತೊಳೆಯಲು ಆಗುವದು.

ಮನೆಯೊಳಗೆ ಪಡುವಣ ಗೋಡೆಗೆ ತಾಗಿಸಿ ಚೀಲಗಳನ್ನು ಒಟ್ಟುವ ಚಾಳಿಯನ್ನು ಬಿಡತಕ್ಕದ್ದು. ಜೋಳವು 12 ಪಾಲು ತೇವದ ಒಳಗಿದ್ದರೆ ಕೆಡದೆ ಉಳಿಯುವದು. ಒದ್ದೆ ಗೋಡೆಯ ಸಂಗಡ ತಿಂಗಳಿದ್ದರೆ ಬೂಸಲು ಹಿಡಿಯುವದು. ಗೋಡೆಯಿಂದ ಒಂದೂವರೆ ಅಡಿ ದೂರ, ನೆಲದಿಂದ ಅರ್ಧ ಅಡಿ ಎತ್ತರ, ಹಲಗೆಯ ಮೇಲೆ ಒಟ್ಟಬೇಕು. ಯೂರಿಯಾ ಚೀಲಗಳಿಗೂ ಇದೇ ನಿಯಮ.

ಬೀಳುವ ಗೋಡೆಯು ಬಹುಶಃ ಮೊದಲೇ ಸೂಚಿಸುವದು. ಹೊಟ್ಟೆ ಉಬ್ಬಿದಂತೆ ಹೊರಚಾಚುವದು, ಜಂತಿಯ ತುದಿಯಿಂದ ಮಣ್ಣು ಉದುರುವದು, ಹೊಸ ಬಿರುಕು ದಿನದಿನಕ್ಕೆ ಅಗಲವಾಗುವದು, ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ದನಗಳನ್ನು ಬೇರೆ ಕಡೆಗೆ ಕಟ್ಟಬೇಕು. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಎರಡು ಮೂರು ದಿವಸ ಈ ಎಚ್ಚರವಿರಲಿ. ನೆನೆದ ಗೋಡೆಯು ಆರುವಾಗಲೂ ಬೀಳುವದುಂಟು. ಒಬ್ಬಂಟಿ ಮುದುಕರು ಇರುವ ಮನೆಗಳನ್ನು ಊರ ಪ್ರಮುಖರು ತಾವೇ ಹೋಗಿ ನೋಡತಕ್ಕದ್ದು; ಏಣಿ ಹತ್ತಿ ದೋಣಿಯನ್ನು ನೋಡುವ ಶಕ್ತಿ ಅವರಿಗಿರುವದಿಲ್ಲ, ಕೇಳುವದಕ್ಕೆ ಸಂಕೋಚವೂ ಇರುವದು.

ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಮಘಾ ಮಳೆಯ ಹೊತ್ತಿಗೆ ಇನ್ನೊಮ್ಮೆ, ದೋಣಿ ದಂಬೆಗಳನ್ನು ಕೈಯಿಂದ ಸ್ವಚ್ಛಮಾಡಿ, ಒಂದು ಕೊಡ ನೀರು ಸುರಿದು ಅದು ಎಲ್ಲಿ ಬೀಳುವದೆಂದು ನೋಡಬೇಕು. ಬಿದಿರಿನ ದಂಬೆಯನ್ನು ಚಿತ್ತಾ ಮಳೆಯು ಮುಗಿದ ಬಳಿಕ ಇಳಿಸಿ ನೆರಳಿನಲ್ಲಿಡತಕ್ಕದ್ದು. ಅದೇ ದಿವಸ ಗೋಡೆಯ ಒಳಮೈಯಲ್ಲಿ ತೇವವು ಏರಿದ ಮಟ್ಟಕ್ಕೆ ಇದ್ದಲಿಯಿಂದ ಗೆರೆ ಎಳೆದು ಪಕ್ಕದಲ್ಲಿ ಇಸವಿಯನ್ನು ಬರೆದಿಟ್ಟರೆ, ಮುಂದಿನ ವರ್ಷ ಗೆರೆಯು ಏರಿತೋ ಇಳಿಯಿತೋ ಎಂಬದು ಗವಂಡಿಯನ್ನು ಕೇಳದೆಯೇ ತಿಳಿಯುವದು.